ಸೋಡಾ ಮರುಳಪ್ಪ ಕನ್ನಡಿಸಿದ ಸಿನಿಮಾ

ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದೆ ಗೋಲಿಸೋಡಾ ಮಾಡಿ ಮಾರುತ್ತಿದ್ದ ಮರುಳಪ್ಪ ಸಿನಿಮಾ ಬಲ್ಲವನು ಎಂಬ ಸಂಗತಿ ಊರಿಗೆ ತಿಳಿದದ್ದು ಖುದ್ದು ಮರುಳಪ್ಪನ ಬಾಯಿಂದಲೇ. ಅದಕ್ಕೆ ಆಧಾರ ಇರಲಿಲ್ಲವೆಂದಲ್ಲ. ಊರಿನ ಟಾಕೀಸಿಗೆ ಸೋಡಾ ಒಯ್ಯುವವನು ಅವನೇ. ಇಂಟರ್‌ವೆಲ್ಲಿಗೆ ಸ್ವಲ್ಪ ಮುಂಚೆ ಹೋಗಿ, ಖಾಲಿ ಸೀಸೆಗಳನ್ನು ಕೂಡಿಸಿಕೊಳ್ಳುವವರೆಗೆ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಹೀಗಾಗಿ ಅವನು ನೋಡದ ಸಿನಿಮಾ ಇರಲಿಲ್ಲ, ಪೂರ್ತಿ ನೋಡಿದ ಸಿನಿಮಾವೂ ಇರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನು ಸೀಸೆಯ ಬಾಯಿಗೆ ಹಾಕುವ ರಬ್ಬರ್ ತರಲು ಶಿವಮೊಗ್ಗಕ್ಕೆ ಹೋದ. ಬಿಸಿಲು ತಾಳಲಾರದೆ ಫ್ಯಾನು ತಿರುಗುತ್ತಿದ್ದ ಒಂದು ಹಾಲಿನೊಳಗೆ ನುಗ್ಗಿದ. ಅಲ್ಲಿ ಗಡ್ಡದವರ ಗುಂಪೊಂದು ಪರದೇಶದ ಸಿನಿಮಾ ನೋಡಿ ಮುಗಿಸಿ ಅದರ ಮೇಲೆ ಚರ್ಚೆ ನಡೆಸುತ್ತಿತ್ತು. ಯಾರು ಏನೇ ಕೇಳಿದರೂ ನಡುವೆ ಕೂತಿದ್ದ ದೊಡ್ಡ ಗಡ್ಡದವರು ಕಣ್ಣು ಮುಚ್ಚಿ, "ಅದು ಸಾಂಕೇತಿಕ" ಎನ್ನುತ್ತಿದ್ದರು. ಕೇಳಿದವನು ತಕ್ಷಣ ಸುಮ್ಮನಾಗುತ್ತಿದ್ದ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಮರ್ಯಾದೆ ತರುವ ಮಾತನ್ನು ಮರುಳಪ್ಪ ಹಿಂದೆಂದೂ ಕೇಳಿರಲಿಲ್ಲ. ರಬ್ಬರ್ ಮರೆತು ಆ ಮಾತನ್ನು ಮಾತ್ರ ತೆಗೆದುಕೊಂಡು ಊರಿಗೆ ಬಂದ. ಸಾಂಕೇತಿಕ ಎಂದರೆ ಸೋಡಾದ ಹೊಸ ನಮೂನೆ ಇರಬೇಕೆಂದು ತಿಳಿದು ಒಬ್ಬಿಬ್ಬರು ಒಂದು ಕೊಡು ಎಂದು ಕೇಳಿದ್ದೂ ಉಂಟು.

ಬಂದವನೇ ಚನ್ನಗಿರಿಯಲ್ಲೂ ಒಂದು ಚಿತ್ರಸಮಾಜ ಹುಟ್ಟುಹಾಕಿ ತಾನೇ ಅಧ್ಯಕ್ಷನಾದ. ಇದು ಕಲೆಯ ಸೇವೆ ಎಂದು ಅವನು ಹೇಳುತ್ತಿದ್ದ. ನಿಜವಾದ ಕಾರಣ ಅಂಗಡಿಯ ಎದುರು ಮನೆಯಲ್ಲಿತ್ತು. ಆ ಮನೆ ಸರ್ವಮಂಗಳಮ್ಮನವರದು. ಅದರ ಮುಂಭಾಗದ ಕೋಣೆಯಲ್ಲಿ ಬಾಡಿಗೆಗೆ ಇದ್ದವರು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರಮ್ಮ ಶಾಂತಾದೇವಿ, ನ್ಯಾಮತಿಯ ಕಡೆಯವರು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಮರುಳಪ್ಪನಿಗೆ ನಲವತ್ತು ಹತ್ತಿರವಾಗಿತ್ತು, ಅವನಿಗೂ ಆಗಿರಲಿಲ್ಲ. ಆಕೆ ಸಂಜೆ ಸ್ಕೂಲಿನಿಂದ ಬರುವಾಗ ಅವನು ಒಂದು ಸೋಡಾ ಸೀಸೆಯ ಗೋಲಿಯನ್ನು ಒತ್ತಿ ಜೋರಾಗಿ ಸದ್ದು ಮಾಡಿಸುತ್ತಿದ್ದ. ಆಕೆ ತಿರುಗಿ ನೋಡುತ್ತಿದ್ದಳು. ಅವನು ತಲೆ ತಗ್ಗಿಸುತ್ತಿದ್ದ. ವರ್ಷಗಟ್ಟಲೆ ನಡೆದ ಪ್ರೇಮವೆಂದರೆ ಇಷ್ಟೇ.

ಸರ್ವಮಂಗಳಮ್ಮನವರು ಒಮ್ಮೆ ತಾವಾಗಿಯೇ ಈ ಸಂಬಂಧದ ಮಾತನ್ನು ನ್ಯಾಮತಿಯಲ್ಲಿದ್ದ ಆಕೆಯ ಅಣ್ಣ ಮಲ್ಲಿಕಾರ್ಜುನಪ್ಪನ ಕಿವಿಗೆ ಹಾಕಿದ್ದರು. ಅವನು ಕಾಳಿನ ವ್ಯಾಪಾರಿ, ಖಡಕ್ ಮನುಷ್ಯ. "ಸರ್ಕಾರಿ ಕೆಲಸದಾಗಿರೋ ನನ್ನ ತಂಗೀನ ಸೋಡಾ ಮಾರೋನಿಗೆ ಕೊಡಾಕೆ ನನಗೇನು ತಲೆ ಕೆಟ್ಟೈತಾ?" ಎಂದು ಒಂದೇ ಮಾತಿಗೆ ಮುಗಿಸಿದ್ದ. ಸೋಡಾ ಮಾರುವವನಿಗೆ ಕೊಡದಿದ್ದರೆ ಹೋಗಲಿ, ಅಧ್ಯಕ್ಷನಿಗೆ ಕೊಡಲೇಬೇಕಲ್ಲ ಎಂಬುದು ಮರುಳಪ್ಪನ ಲೆಕ್ಕಾಚಾರ.

ಮೊದಲ ಪ್ರದರ್ಶನಕ್ಕೆ ಶಿವಮೊಗ್ಗದ ಗಡ್ಡದವರೇ ಒಂದು ಸಿನಿಮಾ ಕಳಿಸಿಕೊಡಲು ಒಪ್ಪಿದರು. ಯುರೋಪಿನದು, ಕಪ್ಪು ಬಿಳುಪಿನದು, ಹೆಸರು ಬಾಯಿಗೆ ಸಿಗದಂಥದ್ದು. ಕಥೆಯನ್ನು ಅವರೇ ಹೇಳಿದರು. ಹೆಣ್ಣುಮಕ್ಕಳ ಮಠವೊಂದರಲ್ಲಿ ಸನ್ಯಾಸಿನಿಯರಿಗೆಲ್ಲ ದೆವ್ವ ಹಿಡಿದಿದೆ. ಬಿಡಿಸಲು ಒಬ್ಬ ಪಾದ್ರಿ ಬರುತ್ತಾನೆ. ಬಂದವನು ಮಠದ ಹಿರಿಯಮ್ಮನ ಮೇಲೆ ಮನಸ್ಸಿಡುತ್ತಾನೆ. ಆಕೆಗೂ ಮನಸ್ಸಿದೆ. ಇಬ್ಬರೂ ಬಾಯಿ ಬಿಡುವುದಿಲ್ಲ, ಒಳಗೇ ಬೇಯುತ್ತಾರೆ. ಮರುಳಪ್ಪನಿಗೆ ದೆವ್ವದ ಭಾಗ ಪೂರ್ತಿ ತಲೆಗೆ ಹತ್ತಲಿಲ್ಲವಾದರೂ ಬಾಯಿ ಬಿಡದ ಭಾಗ ಚೆನ್ನಾಗಿ ಅರ್ಥವಾಯಿತು.

ಟಾಕೀಸಿನ ಮಾಲೀಕ ಮಹೇಶ್ವರಪ್ಪನವರನ್ನು ಕೇಳಲು ಹೋದಾಗ ಅವರು ಆಗಷ್ಟೇ ಪೂಜೆ ಮುಗಿಸಿ ಹಣೆತುಂಬ ಹಸಿ ವಿಭೂತಿಯಲ್ಲಿ ಕೂತಿದ್ದರು.

"ಏನಪ್ಪಾ ಅಧ್ಯಕ್ಷಾ, ಎಂಥ ಸಿನಿಮಾ?"

"ಮಠದ್ದು ರೀ. ಹೆಣ್ಣುಮಕ್ಕಳ ಮಠ. ಅಲ್ಲಿ ಹಿರಿಯಮ್ಮೋರಿಗೆ..." ಎಂದವನು ಆ ವಿಭೂತಿಯ ಮುಖ ನೋಡಿ, ಹೊತ್ತಾರೆಯೇ ದೆವ್ವದ ಹೆಸರು ಎತ್ತುವುದು ಹೇಗೆಂದು ಅಳುಕಿ, "ಮೈಮೇಲೆ ಬರ್ತದೆ ರೀ" ಎಂದುಬಿಟ್ಟ.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳದೆ ಗತಿಯಿಲ್ಲ. ನಮ್ಮ ಸೀಮೆಯಲ್ಲಿ ದೆವ್ವವಾದರೆ ಹಿಡಿಯುತ್ತದೆ, ದೇವರಾದರೆ ಬರುತ್ತದೆ. ಹಿಡಿದದ್ದನ್ನು ಬೇವಿನ ಬರಲಿನಿಂದ ಬಿಡಿಸುತ್ತಾರೆ, ಬಂದದ್ದಕ್ಕೆ ಕಾಯಿ ಒಡೆದು ಕೈ ಮುಗಿಯುತ್ತಾರೆ. ಹಿಡಿಯುವ ಕಡೆ ಬರುವುದನ್ನು ಹಾಕಿದರೆ ಆಗುವ ಅನಾಹುತ ಸಣ್ಣದಲ್ಲ.

"ಮೈಮೇಲೆ ಬರ್ತದಾ!" ಮಹೇಶ್ವರಪ್ಪನವರು ನೆಟ್ಟಗೆ ಕೂತರು. "ಯಾವ ದೇವರಪ್ಪಾ?"

"ಅದು... ಸಾಂಕೇತಿಕ ರೀ."

"ಹೆಸರು ಕೇಳಿಲ್ಲ. ಅವರ ಕಡೆ ದೇವರಿರಬೇಕು. ಇರಲಿ ಬಿಡು, ದೇವರು ಅಂದಮ್ಯಾಲೆ ಎಲ್ಲಾ ಒಂದೇ. ಭಾನುವಾರ ಬೆಳಗಿನ ಆಟ ಹಾಕು. ಬಾಡಿಗೆ ಬ್ಯಾಡ."

ಬಾಡಿಗೆ ಬೇಡ ಎಂದವರನ್ನು ತಿದ್ದುವ ಧೈರ್ಯ ಯಾವ ಅಧ್ಯಕ್ಷನಿಗೂ ಇರುವುದಿಲ್ಲ. ಮಾರನೇ ದಿನವೇ ಚಿತ್ತಪ್ಪ ಜಟಕಾಗಾಡಿಗೆ ಮೈಕು ಕಟ್ಟಿಕೊಂಡು ಹೊರಟ. ಟಾಕೀಸಿನ ಪ್ರಚಾರ ಅವನದೇ. ಹಿಡಿಯಷ್ಟು ಹೇಳಿದರೆ ಸೇರಿನಷ್ಟು ಕೂಗುವ ಗಂಟಲು. "ತಾಯಂದಿರೇ, ಮಹನೀಯರೇ! ಪರದೇಶದ ಮಠದಾಗೆ ಅಮ್ಮನೋರು ಮೈದುಂಬಿ ನುಡಿಯೋ ಮಹಾಭಕ್ತಿ ಚಿತ್ರ! ನಮ್ಮ ಮರುಳಪ್ಪನೋರು ಮೈಕಿನಾಗೆ ಕನ್ನಡದಾಗೆ ಬಿಡಿಸಿ ಹೇಳ್ತಾರೆ! ಒಂದೇ ಒಂದು ಆಟ! ಮಡೀಲಿ ಬರ್ರಿ!" ಎಂದು ಚನ್ನಗಿರಿ ಮುಗಿಸಿ, ತ್ಯಾವಣಿಗೆಗೂ ಉಬ್ರಾಣಿಗೂ ಸಾರಿ ಬಂದ.

ಭಾನುವಾರ ಬೆಳಿಗ್ಗೆ ಹತ್ತಾರು ಗಡ್ಡದವರನ್ನು ನಿರೀಕ್ಷಿಸಿ ಬಂದ ಮರುಳಪ್ಪನಿಗೆ ಕಂಡದ್ದು ಟಾಕೀಸಿನ ಬಾಗಿಲಲ್ಲಿ ಗುಡ್ಡೆಬಿದ್ದ ಚಪ್ಪಲಿಗಳು. ಒಳಗೆ ಊದುಬತ್ತಿಯ ಹೊಗೆ. ಹೆಂಗಸರು ತಲೆಗೆ ಎರೆದುಕೊಂಡು, ಹಣ್ಣು ಕಾಯಿ ಹಿಡಿದು, ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ಸರ್ವಮಂಗಳಮ್ಮನವರ ಜೊತೆ ಬಂದ ಶಾಂತಾದೇವಿಗೆ ಜಾಗ ಸಿಗದೆ ತೆರೆಯ ಮೂಗಿನ ಕೆಳಗಿನ ಮೊದಲ ಬೆಂಚಿನಲ್ಲಿ ಕೂರಬೇಕಾಯಿತು. ಆಕೆಯ ಪಕ್ಕದಲ್ಲಿ ಮಗಳ ಬಾಣಂತನಕ್ಕೆಂದು ಜಗಳೂರು ಕಡೆಯಿಂದ ಬಂದಿದ್ದ ಬೊಮ್ಮಕ್ಕ. ಆಕೆಯ ಮನೆದೇವರು ಉಚ್ಚಂಗೆಮ್ಮ. ದೇವರು ಮೈಮೇಲೆ ಬರುವುದನ್ನು ಹುಟ್ಟಿದಾಗಿನಿಂದ ಕಂಡ ಹೆಂಗಸು. ಸಿನಿಮಾ ಕಂಡದ್ದು ಇದೇ ಮೊದಲು.

ಮರುಳಪ್ಪ ಹಿಂದುಗಡೆ ಪ್ರೊಜೆಕ್ಟರ್ ಕೋಣೆಯ ಬಾಗಿಲಲ್ಲಿ ಮೈಕು ಹಿಡಿದು ನಿಂತ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರೆದಿರುತ್ತದೆ, ಕೂಡಿಸಿ ಕೂಡಿಸಿ ಓದಿ ಹೇಳಿದರಾಯಿತು ಎಂದುಕೊಂಡಿದ್ದ. ಆದರೆ ಆ ಪರದೇಶದ ಚಿತ್ರದ ಅಳತೆಯೇ ಬೇರೆ, ನಮ್ಮ ತೆರೆಯ ಅಳತೆಯೇ ಬೇರೆ. ಚಿತ್ರದ ಕೆಳಗಿನ ಪಟ್ಟಿ ತೆರೆಯಿಂದ ಜಾರಿ ಅದರಡಿಯ ಹಸಿರು ಗೋಡೆಯ ಮೇಲೆ ಬಿತ್ತು. ಮುಂದಿನವರ ತಲೆ ಅಡ್ಡ ಬಂದು, ಮೊದಲ ಬೆಂಚಿನವರಿಗೆ ಬಿಟ್ಟರೆ ಇನ್ನಾರಿಗೂ ಆ ಅಕ್ಷರ ಕಾಣುವಂತಿರಲಿಲ್ಲ. ಅಕ್ಷರವೇ ಬರಲಿಲ್ಲವೆಂದು ಮರುಳಪ್ಪ ತಿಳಿದ.

"ಏನಂತೆ ಮರುಳಪ್ಪ?" ಎಂದು ಜನ ತಿರುಗಿ ತಿರುಗಿ ಕೇಳತೊಡಗಿದರು.

"ಅವರು... ಮಾತಾಡ್ತಿದ್ದಾರೆ" ಎಂದ ಮೈಕಿನಲ್ಲಿ.

"ಅದು ನಮಗೂ ಕಾಣ್ತೈತೆ. ಏನು ಮಾತು?"

ಅಷ್ಟರಲ್ಲಿ ಚಿತ್ರದ ಹಿರಿಯಮ್ಮ ಒಮ್ಮೆಲೇ ಎದ್ದು ಗರಗರ ತಿರುಗಿ, ಗಂಡು ದನಿಯಲ್ಲಿ ನಕ್ಕಳು. ಟಾಕೀಸು ಒಟ್ಟಿಗೆ ಕೈ ಮುಗಿಯಿತು. ಪಾದ್ರಿ ತೀರ್ಥ ಪ್ರೋಕ್ಷಿಸಿ ಏನೋ ಗದರಿಸಿ ಕೇಳಿದ. ಅವನು ಕೇಳುವ ಮುಂಚೆಯೇ ಬೊಮ್ಮಕ್ಕ ಎದ್ದು ನಿಂತು, ಅದೇ ಪ್ರಶ್ನೆಯನ್ನು, ಅವನಿಗಿಂತ ಚೆನ್ನಾಗಿ ಕೇಳಿಯಾಗಿತ್ತು.

"ಯಾವ ತಾಯಿ ನೀನು? ಬಂದಮ್ಯಾಲೆ ಹೆಸರು ಹೇಳವ್ವ!"

ಹಿರಿಯಮ್ಮ ಯಾವುದೋ ಉದ್ದನೆಯ ಹೆಸರು ಹೇಳಿ ಸೆಟೆದು ನಿಂತಳು. ಎಲ್ಲರೂ ಹಿಂದಕ್ಕೆ ತಿರುಗಿ ಮರುಳಪ್ಪನನ್ನು ನೋಡಿದರು. ಬೊಮ್ಮಕ್ಕನ ಕೈಯಲ್ಲಿ ಒಳ್ಳೆ ಗಾತ್ರದ ತೆಂಗಿನಕಾಯಿ ಇತ್ತು. ಎಸೆದರೆ ಪ್ರೊಜೆಕ್ಟರ್ ಕೋಣೆಯವರೆಗೂ ಬರುವಂಥ ತೋಳು ಆಕೆಯದು.

"ಉಚ್ಚಂಗೆಮ್ಮ ಅಂತೆ" ಎಂದ ಮರುಳಪ್ಪ.

ಅಲ್ಲಿಗೆ ಸಿನಿಮಾ ಮುಗಿದು ದೇವರ ಹೇಳಿಕೆ ಶುರುವಾಯಿತು. ಬೊಮ್ಮಕ್ಕ "ಎಷ್ಟು ದೂರ ಹೋಗಿದ್ಯವ್ವಾ!" ಎಂದು ಕಣ್ಣೀರಿಟ್ಟಳು. ಮಹೇಶ್ವರಪ್ಪನವರು ತೆರೆಯ ಮುಂದೆ ಕಾಯಿ ಒಡೆದರು. ಉಬ್ರಾಣಿಯ ರೈತನೊಬ್ಬ, "ತಾಯೇ, ಹೊಡ್ಕಂಡು ಬಂದ ಎಮ್ಮೆ ಈ ಊರಾಗೇ ಕಳೆದೈತೆ, ಯಾವ ದಿಕ್ಕಿಗೆ ಹೋಗೈತೆ?" ಎಂದು ಕೂಗಿದ. ಸರಿಯಾಗಿ ಆಗಲೇ ಹಿರಿಯಮ್ಮ ಕೈ ಚಾಚಿ ಬೆರಳು ತೋರಿಸಿದಳು. "ಮೂಡಲಕ್ಕೆ!" ಎಂದು ಹತ್ತು ಜನ ಒಟ್ಟಿಗೆ ಕೂಗಿದರು. ಮರುಳಪ್ಪನ ಕನ್ನಡ ಅಲ್ಲಿ ಬೇಕೇ ಆಗಲಿಲ್ಲ. ರೈತ ಎದ್ದು ಓಡಿದ.

ಗದ್ದಲ ರಸ್ತೆಗೆ ಕೇಳಿಸಿ ಪೊಲೀಸ್ ಪೇದೆ ಜಂಪಣ್ಣ ಲಾಠಿ ಸಮೇತ ಒಳಬಂದ. "ಪರ್ಮಿಷನ್ ಐತಾ? ಯಾರು ಇಲ್ಲಿ ಅಧ್ಯಕ್ಷರು?" ಎಂದು ಗುಡುಗಿದವನು, ತೆರೆಯ ಮೇಲಿನ ಮುಖ ನೋಡಿ, ಅಕ್ಕಪಕ್ಕದವರಿಂದ ವಿಷಯ ಕೇಳಿ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಮೆಲ್ಲಗೆ ಮರುಳಪ್ಪನ ಪಕ್ಕಕ್ಕೆ ಬಂದ.

"ನನಗೆ ಜಗಳೂರಿಗೆ ವರ್ಗ ಆಗ್ತದಾ ಕೇಳ್ರಿ. ನಮ್ಮೂರು. ತಾಯಿ ಒಬ್ಬಾಕೀನೇ ಅದಾಳೆ."

ಚಿತ್ರದಲ್ಲಿ ಹಿರಿಯಮ್ಮ ತಲೆಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಎಲ್ಲ ಕಡೆಗೂ ಆಡಿಸುತ್ತಿದ್ದಳು. "ಆಗ್ತದಂತೆ. ಸುತ್ತಿ ಬಳಸಿ ಆಗ್ತದಂತೆ" ಎಂದ ಮರುಳಪ್ಪ. ಸರ್ಕಾರದ ರೀತಿ ಬಲ್ಲ ಜಂಪಣ್ಣನಿಗೆ ಇದು ಬಹಳ ನಂಬುವಂಥ ಉತ್ತರವಾಗಿ ಕಂಡಿತು.

ಇಷ್ಟರಲ್ಲಿ ಉಬ್ರಾಣಿಯ ರೈತ ಬಾಗಿಲು ತಳ್ಳಿಕೊಂಡು ಬಂದು "ಸಿಕ್ತು! ಎಮ್ಮೆ ಸಿಕ್ತು! ಮೂಡಲ ದಿಕ್ಕಿನಾಗೇ ಮೇಯ್ತಿತ್ತು!" ಎಂದು ಅಲ್ಲೇ ಉದ್ದಕ್ಕೆ ಅಡ್ಡಬಿದ್ದ. ಇನ್ನು ಯಾರಿಗೂ ಸಂಶಯ ಉಳಿಯಲಿಲ್ಲ. ಮರುಳಪ್ಪನಿಗೂ ಅರೆಗಳಿಗೆ ತನ್ನ ಮೇಲೆಯೇ ಭಕ್ತಿ ಹುಟ್ಟಿತು.

ಆಗ ಎದ್ದವರು ಸರ್ವಮಂಗಳಮ್ಮನವರು. "ಅಮ್ಮಾ ತಾಯಿ, ನಮ್ಮ ಮನೇಲಿರೋ ಮೇಷ್ಟ್ರಮ್ಮಂಗೆ ಕಂಕಣ ಯಾವಾಗ ಕೂಡ್ತೈತೆ? ಗಂಡು ಎಲ್ಲೈತೆ?" ಎಂದು ಸೆರಗೊಡ್ಡಿ ಕೇಳಿದರು. ಶಾಂತಾದೇವಿ "ಸುಮ್ನಿರ್ರಿ ಸರ್ವಮಂಗಳಮ್ಮಾ" ಎಂದು ಎಳೆದು ಕೂರಿಸಲು ನೋಡಿದರೂ ಅವರು ಕೂರಲಿಲ್ಲ.

ತೆರೆಯ ಮೇಲೆ ಕಬ್ಬಿಣದ ಜಾಲರಿಯ ಆಚೆ ಹಿರಿಯಮ್ಮ, ಈಚೆ ಪಾದ್ರಿ. ಗದ್ದಲವಿಲ್ಲ. ಆಕೆ ಅವನನ್ನೇ ನೋಡುತ್ತಾ ನಿಧಾನವಾಗಿ ಏನೋ ಹೇಳಿದಳು. ಟಾಕೀಸು ಉಸಿರು ಹಿಡಿದು ಮರುಳಪ್ಪನ ಕಡೆ ತಿರುಗಿತು.

ಇಷ್ಟು ಹೊತ್ತು ಹೇಳಿದ್ದು ಹೆದರಿಕೆಯ ಸುಳ್ಳು. ಈಗ ಹೇಳಬೇಕೆನಿಸಿದ್ದು ಆಸೆಯದು. ಬೇಡ ಎಂದು ಅವನ ಬುದ್ಧಿ ಹೇಳಿತು. ಅದನ್ನು ಕೇಳಿಸಿಕೊಳ್ಳುವಷ್ಟರಲ್ಲಿ ಬಾಯಿ ಶುರುವಾಗಿತ್ತು.

"ಅಮ್ಮನೋರು ಹೇಳ್ತಾರೆ... ಗಂಡು ದೂರ ಇಲ್ಲ. ಎದುರಿಗೇ ಐತೆ. ದಿನಾ ನೋಡ್ತೈತೆ. ಒಳಗೆ ಗ್ಯಾಸು ಕಟ್ಕಂಡು, ಗಂಟಲಿಗೆ ಗೋಲಿ ಸಿಗೇಹಾಕ್ಕಂಡು ಕೂತೈತೆ. ಯಾರಾದ್ರೂ ಒಂಚೂರು ಒತ್ತಿದ್ರೆ..."

ಎಂಬಲ್ಲಿಗೆ ಕರೆಂಟು ಹೋಯಿತು.

ಕತ್ತಲಲ್ಲಿ ಯಾರೋ ನಿಧಾನಕ್ಕೆ, "ಗೋಲಿ... ಗ್ಯಾಸು... ಎದುರಿಗೆ..." ಎಂದು ಕೂಡಿಸಿದರು. ಮರುಕ್ಷಣ ಇಡೀ ಟಾಕೀಸು "ಸೋಡಾ ಮರುಳಪ್ಪ!" ಎಂದು ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು. ಕರೆಂಟು ಮತ್ತೆ ಬರಲಿಲ್ಲ. ಬರಬೇಕೆಂದು ಯಾರೂ ಕಾಯಲೂ ಇಲ್ಲ. ಬೇಕಾದದ್ದೆಲ್ಲ ಸಿಕ್ಕಿತ್ತಲ್ಲ.

ಸುದ್ದಿ ಹೊನ್ನಾಳಿ ಬಸ್ಸು ಹತ್ತಿ ಸಂಜೆಯೊಳಗೆ ನ್ಯಾಮತಿ ಮುಟ್ಟಿತು. ಮಾರನೇ ದಿನ ಮಲ್ಲಿಕಾರ್ಜುನಪ್ಪನಿಂದ ಹೇಳಿಕೆ ಬಂತು. ಅವನು ಮನುಷ್ಯರಿಗೆ ಹೆದರುವವನಲ್ಲ, ದೇವರಿಗೆ ಹೆದರುತ್ತಿದ್ದ. "ಅಮ್ಮನೋರ ಬಾಯಾಗೆ ಬಂದಮ್ಯಾಲೆ ನಮ್ಮದೇನೈತೆ? ಬರೋ ಭಾನುವಾರ ಗಂಡಿನವರು ಬರಲಿ, ವೀಳ್ಯ ಬದಲಾಯಿಸೋಣ" ಎಂದಿದ್ದ. ಮಹೇಶ್ವರಪ್ಪನವರು ಸಿನಿಮಾ ಇನ್ನೊಂದು ವಾರ ಬೇಕೆಂದರು. ಜಂಪಣ್ಣ ಸೋಡಾ ಕುಡಿದು ಕೈ ಮುಗಿದು ಹೋದ. ಮರುಳಪ್ಪ ಹೊಸ ಪಂಚೆ ತಂದ.

ಬುಧವಾರ ಸಂಜೆ ಶಾಂತಾದೇವಿ ಸ್ಕೂಲಿನಿಂದ ಬರುತ್ತಾ ರಸ್ತೆ ದಾಟಿ ನೇರ ಅಂಗಡಿಗೇ ಬಂದಳು. ಮರುಳಪ್ಪನಿಗೆ ಸೀಸೆ ಒತ್ತುವುದು ಮರೆತುಹೋಯಿತು.

"ನಾನು ಮೊದಲನೇ ಬೆಂಚಿನಾಗೆ ಕೂತಿದ್ದೆ, ಮರುಳಪ್ಪನೋರೆ" ಎಂದಳು. "ಅಕ್ಷರ ಎಲ್ಲಾ ನನ್ನ ಮುಂದಿನ ಗೋಡೆ ಮ್ಯಾಲೆ ಬೀಳ್ತಿತ್ತು."

ಮರುಳಪ್ಪ ಹತ್ತಿರದಲ್ಲಿದ್ದ ಕ್ರೇಟಿನ ಮೇಲೆ ಕೂತ.

"ಅದು ದೇವರಲ್ಲ, ದೆವ್ವ. ಅಲ್ವಾ?"

"ಹೌದು ರೀ."

"ಕೊನೇಗೆ ಆಯಮ್ಮ ಜಾಲರಿ ಹಿಂದೆ ನಿಂತು ಹೇಳಿದ್ದೂ ನೀವು ಹೇಳಿದ್ದಲ್ಲ. 'ಹತ್ರ ಬರಬ್ಯಾಡ, ಹಂಗಂತ ಬಿಟ್ಟೂ ಹೋಗಬ್ಯಾಡ' ಅಂದ್ಲು." ಆಮೇಲೆ ಸೇರಿಸಿದಳು: "ದೇವರು ಹೇಳ್ತು ಅಂತ ಯಾರನ್ನೋ ಮದುವೆ ಆಗೋಳು ನಾನಲ್ಲ. ನಮ್ಮಣ್ಣನ ಮುಂದೆ ಇದ್ದದ್ದು ಇದ್ದಂಗೆ ಹೇಳ್ತೀರೋ ಇಲ್ಲೋ ನೀವೇ ನೋಡ್ಕಳ್ರಿ. ನಾನಂತೂ ಹೇಳಲ್ಲ."

ಹೀಗೆಂದು ರಸ್ತೆ ದಾಟಿ ಹೋದಳು. ಮರುಳಪ್ಪನಿಗೆ ತನ್ನ ಸ್ಥಿತಿ ಬಹಳ ಸ್ಪಷ್ಟವಾಗಿ ಕಂಡಿತು. ನಿಜ ಹೇಳಿದರೆ ಅಣ್ಣ ಕೊಡುವುದಿಲ್ಲ. ಹೇಳದಿದ್ದರೆ ತಂಗಿ ಬರುವುದಿಲ್ಲ. ಅಧ್ಯಕ್ಷಗಿರಿಯಿಂದ ಇದಕ್ಕೆ ಪರಿಹಾರ ಇರಲಿಲ್ಲ. ಆ ವಾರ ಚನ್ನಗಿರಿಯ ಸೋಡಾದಲ್ಲಿ ಒಂದು ದಿನ ಗ್ಯಾಸೇ ಇರುತ್ತಿರಲಿಲ್ಲ, ಇನ್ನೊಂದು ದಿನ ಸೀಸೆಗಳು ತಾವಾಗಿಯೇ ಒಡೆಯುತ್ತಿದ್ದವು.

ಭಾನುವಾರ ಗಂಡಿನ ಕಡೆಯವರೆಂದು ನ್ಯಾಮತಿಗೆ ಹೊರಟವರನ್ನು ನೋಡಿದರೆ ದೇವರೇ ದಿಬ್ಬಣ ಕಳಿಸಿದಂತಿತ್ತು. ಮರುಳಪ್ಪನಿಗೆ ತಂದೆತಾಯಿ ಇರಲಿಲ್ಲವಾದ್ದರಿಂದ ಹಿರಿಯರಾಗಿ ಮಹೇಶ್ವರಪ್ಪನವರು, ಅಮ್ಮನವರ ಮಾತಿಗೆ ಸಾಕ್ಷಿಯಾಗಿ ಬೊಮ್ಮಕ್ಕ, ಸರ್ಕಾರದ ಸಾಕ್ಷಿಯಾಗಿ ಜಂಪಣ್ಣ. ಶಾಂತಾದೇವಿ, ಸರ್ವಮಂಗಳಮ್ಮ ಹಿಂದಿನ ದಿನವೇ ಹೋಗಿದ್ದರು. ಮಲ್ಲಿಕಾರ್ಜುನಪ್ಪ ಪಡಸಾಲೆಯಲ್ಲಿ ಜಮಖಾನ ಹಾಸಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮರುಳಪ್ಪನಿಗೆ ಕೈ ಮುಗಿದು ಕೂರಿಸಿದ. ಸೋಡಾ ಮಾರುವವನೆಂದು ತಳ್ಳಿಹಾಕಿದ್ದ ಅದೇ ಮನುಷ್ಯ.

"ಏನೋ ಗೊತ್ತಿಲ್ದೆ ಅಂದಿದ್ದೆ, ಮನಸ್ಸಿಗೆ ಹಚ್ಕಬ್ಯಾಡ್ರಿ" ಎಂದು ತಟ್ಟೆ ಮುಂದೆ ಸರಿಸಿದ. "ತಾಯಿ ಅಪ್ಪಣೆ ಆಗೈತೆ. ತಗಳ್ರಿ."

ಮರುಳಪ್ಪ ತಟ್ಟೆ ನೋಡಿದ. ಕೈ ಚಾಚಿದರೆ ಮುಗಿಯಿತು, ವೀಳ್ಯ ಅವನದು. ಒಳಬಾಗಿಲಲ್ಲಿ ಶಾಂತಾದೇವಿ ನಿಂತಿದ್ದಳು. ಆಕೆ ಕಣ್ಣಿನಲ್ಲಿ ಯಾವ ಸನ್ನೆಯನ್ನೂ ಮಾಡಲಿಲ್ಲ.

"ತಾಯಿ ಅಪ್ಪಣೆ ಆಗಿಲ್ಲ ರೀ" ಎಂದ ಮರುಳಪ್ಪ.

ಮಹೇಶ್ವರಪ್ಪನವರು ಅವನ ತೊಡೆ ಚಿವುಟಿದರು. ಅವನು ನಿಲ್ಲಿಸಲಿಲ್ಲ. ಅದು ದೇವರ ಸಿನಿಮಾ ಅಲ್ಲವೆಂದೂ, ಆಯಮ್ಮನಿಗೆ ಬಂದದ್ದಲ್ಲ ಹಿಡಿದದ್ದೆಂದೂ, ತನಗೆ ಒಂದಕ್ಷರವೂ ಕಾಣದೆ ಎಲ್ಲವನ್ನೂ ಕಟ್ಟಿ ಹೇಳಿದೆನೆಂದೂ, ಎಮ್ಮೆ ಸಿಕ್ಕದ್ದು ಹೇಗೋ ತನಗೂ ತಿಳಿಯದೆಂದೂ ಒಂದೇ ಉಸಿರಿಗೆ ಒಪ್ಪಿಸಿದ.

ಬೊಮ್ಮಕ್ಕ ಎದ್ದಳು. "ಮತ್ತೆ ನಮ್ಮಮ್ಮನ ಹೆಸರು ಯಾಕೋ ತಗಂಡೆ?"

"ನಿನ್ನ ಕೈಯಾಗೆ ಕಾಯಿ ಇತ್ತಲ್ಲಕ್ಕ... ಹೆದರಿಕಂಡು ಅಂದೆ. ತಪ್ಪಾತು."

"ಕಾಯಿಗೆ ಹೆದರಿದ್ಯಾ, ಆ ತಾಯಿಗೆ ಹೆದರಲಿಲ್ಲ!" ಎಂದು ಬೊಮ್ಮಕ್ಕ ಅವನನ್ನು ನೋಡಿದ ರೀತಿಗೆ ಜಂಪಣ್ಣನೇ ಹಿಂದೆ ಸರಿದ. "ಈ ಹುಣ್ಣಿಮೆಗೆ ಉಚ್ಚಂಗಿಗುಡ್ಡ ಹತ್ತಿ, ಗುಡಿ ಮುಂದೆ ನಿಂತು ತಪ್ಪೊಪ್ಕಂಡು ಬಾ. ನಾನೂ ಬರ್ತೀನಿ, ನೋಡಾಕೆ."

"ಬರ್ತೀನಕ್ಕ."

ಮಲ್ಲಿಕಾರ್ಜುನಪ್ಪನಿಗೆ ಇನ್ನೂ ಪೂರ್ತಿ ಬಗೆಹರಿದಿರಲಿಲ್ಲ. ಅವನು ತಟ್ಟೆಯನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡ.

"ಹಂಗಾದ್ರೆ ಗಂಡು ಎದುರಿಗೇ ಐತೆ ಅಂದದ್ದು ದೇವರಲ್ಲ?"

"ಅಲ್ಲ ರೀ."

"ದೆವ್ವಾನೂ ಅಲ್ಲ?"

"ಅಲ್ಲ ರೀ."

"ಮತ್ಯಾರಪ್ಪಾ ಅಂದದ್ದು?"

ಮರುಳಪ್ಪ ತಲೆ ಎತ್ತಿದ. ಆಣೆ ಮಾಡಿ ಹೇಳಬಹುದು, ಅಷ್ಟು ವರ್ಷಗಳಲ್ಲಿ ಆಕೆ ಇದ್ದ ಕಡೆ ಅವನು ತಲೆ ತಗ್ಗಿಸದೆ ನೋಡಿದ್ದು ಅದೇ ಮೊದಲು.

"ನಾನು ರೀ. ನನಗೆ ಇವರನ್ನ ಮದುವೆ ಆಗ್ಬೇಕು ಅಂತ ಆಸೆ ಐತೆ. ಹೇಳಾಕೆ ಧೈರ್ಯ ಇರಲಿಲ್ಲ, ಅದಕ್ಕೆ ದೇವರ ಬಾಯಿಂದ ಹೇಳಿಸ್ದೆ."

ಮಹೇಶ್ವರಪ್ಪನವರು ಚಪ್ಪಲಿ ಎಲ್ಲಿ ಬಿಟ್ಟೆನೆಂದು ಕಣ್ಣಲ್ಲೇ ಹುಡುಕತೊಡಗಿದರು. ಮಲ್ಲಿಕಾರ್ಜುನಪ್ಪ ತಟ್ಟೆ ಎತ್ತಿಕೊಂಡು ಎದ್ದು, ತಂಗಿಯ ಕಡೆ ತಿರುಗಿದ.

"ಕೇಳಿದ್ಯೇನಮ್ಮ? ದೇವರು ಹೇಳಿಲ್ಲವಂತೆ!"

ಶಾಂತಾದೇವಿ ಮುಂದೆ ಬಂದು ಅಣ್ಣನ ಕೈಯಿಂದ ತಟ್ಟೆ ತೆಗೆದುಕೊಂಡು ಮತ್ತೆ ಜಮಖಾನದ ಮೇಲೆ, ಮರುಳಪ್ಪನ ಮುಂದೆ ಇಟ್ಟಳು.

"ಇವರು ಹೇಳಿದ್ರಲ್ಲಣ್ಣ, ಸಾಕು" ಎಂದಳು.